ಎಣ್ಣೆ ಬಾಟಲಿ ಕೊಟ್ಟು ಹೋದ ಅಕ್ಕನಿಗೆ

ಹೋದ ಜನವರಿಯಲ್ಲಿ ಸಾಗರದ ಕಡೆಯ ನಮ್ಮ ಹಳ್ಳಿಗೆ ಬಂದಿದ್ದ ಆಶಾ ಅಕ್ಕನಿಗೆ ಈ ನಾಲ್ಕು ಸಾಲು. ನಮ್ಮೂರಿನ ಆಶಾ ಆರೋಗ್ಯ ಕಾರ್ಯಕರ್ತೆ ರಜೆಯಲ್ಲಿದ್ದರೆಂದು ಬದಲಿಗೆ ಬಂದವರು ನೀವು. ಹೆಸರು ಕೇಳುವ ಸೌಜನ್ಯವೂ ನಮಗೆ ಉಳಿಯಲಿಲ್ಲ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದು. ಆದರೂ ಅದನ್ನು ಹರಡುವ ಉಣುಗು ಕಚ್ಚದಂತೆ ಮೈಗೆ ಹಚ್ಚಲು ನೀವು ಕೊಟ್ಟ ಡೆಪಾ ಎಣ್ಣೆಯನ್ನು ಅಪ್ಪ ಮಾಡಿನ ಸಂದಿಗೆ ಸಿಕ್ಕಿಸಿ, ಬರಿಮೈಯಲ್ಲಿ ತರಗೆಲೆ ಗುಡಿಸಲು ಕಾಡಿಗೆ ಹೋದರು. "ಉಣುಗು ನನಗೇನು ಹೊಸ ನೆಂಟನೇ?" ಎಂಬುದು ಅವರ ವಾದ.

ಜ್ವರ ಬಂದಾಗ ಅದೇ ಅಪ್ಪನನ್ನು ಆಸ್ಪತ್ರೆಗೆ ಹೊರಡಿಸಿದವರೂ ನೀವೇ. ಮೈಕೈ ನೋವೆಂದು ಆಸ್ಪಿರಿನ್‌ನಂಥ ಮಾತ್ರೆ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ ಎಂದಿರಿ. ರಕ್ತ ಪರೀಕ್ಷೆಯಾಗುವವರೆಗೆ ಬಿಡಲಿಲ್ಲ. ಇದಕ್ಕೆಂದೇ ಪ್ರತ್ಯೇಕ ಔಷಧವಿಲ್ಲ, ಬೇಗ ದಾಖಲಾಗಿ ಆರೈಕೆ ಪಡೆಯುವುದೇ ದಾರಿ. ಜ್ವರ ಬಿಟ್ಟು ಅಪ್ಪ ಅಡಿಕೆಯ ಲೆಕ್ಕಕ್ಕೆ ಕುಳಿತಾಗ, ಒಂದೆರಡು ವಾರದಲ್ಲಿ ಮರಳಿ ಬರಬಹುದು ಎಂದು ಎಚ್ಚರಿಸಿದ್ದಿರಿ. ಬಂತು, ತಲೆಸುತ್ತನ್ನೂ ಜೊತೆಗೆ ಕರೆದುಕೊಂಡು. ಈ ಸಲ ನಾವು ಕಂಗೆಡಲಿಲ್ಲ.

ನಿಮ್ಮ ದುಡಿಮೆಗೆ ಸಿಗುವುದು ಸಂಬಳವಲ್ಲ, ಗೌರವಧನವಂತೆ. ಗೌರವವೂ ಸಾಲದು, ಧನವೂ ಸಾಲದು!

ಅಪ್ಪ ಈಗ ಎಣ್ಣೆ ಹಚ್ಚದೆ ಅಂಗಳ ದಾಟುವುದಿಲ್ಲ. ಪಕ್ಕದ ಮನೆಯವರಿಗೂ ಉಪದೇಶ ನಡೆದಿದೆ. ಈ ಕಡೆ ಬಂದರೆ ಒಳಗೆ ಬನ್ನಿ ಅಕ್ಕಾ, ಅಂದು ನೀವು ಅವಸರದಲ್ಲಿ ಕುಡಿಯದೆ ಹೋದ ಕಷಾಯ ಬಾಕಿ ಇದೆ.