ರೆಕ್ಕೆ ಮೂಡಿದ ಕಾರುಗಳು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಕಾರಿನ ಚಿತ್ರ ನೋಡಿದೆ. ಹಿಂಬದಿಯಲ್ಲಿ ಆ ತುದಿಯಿಂದ ಈ ತುದಿಗೆ ಎಲ್‌ಇಡಿ ಪಟ್ಟಿ ಎಳೆದಿದ್ದೀಯ. ಯಾಕೆ ಎಂದು ಫೋನಿನಲ್ಲಿ ಕೇಳಿದರೆ "ಈಗ ಎಲ್ಲರೂ ಹಾಕ್ತಾರೆ" ಅಂದೆ. ಇದೇ ಉತ್ತರ ಕೊಟ್ಟು ಕೆಟ್ಟವರು ಅಮೆರಿಕದ ಕಾರುಗಳ ಊರು ಡೆಟ್ರಾಯ್ಟಿನಲ್ಲಿದ್ದರು, ಅವರೇನೂ ಸಣ್ಣವರಲ್ಲ. ಅದಕ್ಕೇ ಅವರ ಕಾರುಗಳ ಹಿಂಬದಿಯಲ್ಲಿ ರೆಕ್ಕೆಯಂತೆ ಎದ್ದ ಫಿನ್‌ಗಳ ಕತೆ ಇಷ್ಟು ಬರೆಯುತ್ತಿದ್ದೇನೆ.

ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಯಜಮಾನ ಹಾರ್ಲಿ ಅರ್ಲ್. ಯುದ್ಧಕಾಲದ ಲಾಕ್‌ಹೀಡ್ ಪಿ-38 ವಿಮಾನದ ಜೋಡಿ ಬಾಲ ಆತನ ಕಣ್ಣಿಗೆ ಹಿಡಿಯಿತು. ಅದೇ ಕಂಪನಿಯ 1948ರ ಕ್ಯಾಡಿಲಾಕ್ ಕಾರಿನ ಹಿಂದಿನ ಮಡ್‌ಗಾರ್ಡುಗಳ ಮೇಲೆ ಅದು ಸಣ್ಣ ಫಿನ್ ಆಗಿ ಮೂಡಿತು. ಸಣ್ಣದೆಂದರೆ ನಿಜವಾಗಿಯೂ ಸಣ್ಣದು, ಗುಬ್ಬಿ ಕೂರುವಷ್ಟು. ಕೆಂಪು ದೀಪಕ್ಕೆ ಅದೇ ಮನೆ. ಎಡಗಡೆಯ ದೀಪವನ್ನು ಮೇಲಕ್ಕೆತ್ತಿದರೆ ಅದರಡಿಯಲ್ಲಿ ಪೆಟ್ರೋಲ್ ತುಂಬುವ ಬಾಯಿ! ಅಲಂಕಾರಕ್ಕೂ ಒಂದು ಕೆಲಸವಿತ್ತು. ನನ್ನ ಮಟ್ಟಿಗೆ ಆ ಶೈಲಿಯ ಅತ್ಯುತ್ತಮ ಫಿನ್ ಅದೇ, ಮೊದಲನೆಯದೇ.

ಪ್ರತಿಸ್ಪರ್ಧಿ ಕಂಪನಿ ಕ್ರೈಸ್ಲರ್‌ನ ವಿನ್ಯಾಸಕ ವರ್ಜಿಲ್ ಎಕ್ಸ್‌ನರ್ 1957ರಲ್ಲಿ ಇದನ್ನು ಎಲ್ಲಿಗೋ ಒಯ್ದ. ತಗ್ಗು ಮೈ, ತೆಳು ಛಾವಣಿ, ಸೊಂಟದಿಂದಲೇ ಏರುತ್ತಾ ಹೋಗುವ ಫಿನ್. ಅಡ್ಡಗಾಳಿಯಲ್ಲಿ ಕಾರನ್ನು ಇದು ನೆಟ್ಟಗಿಡುತ್ತದೆ ಎಂದು ಕಂಪನಿ ಜಾಹೀರಾತು ಕೊಟ್ಟಿತು. ಭಾರಿ ವೇಗದಲ್ಲಿ ಅಷ್ಟಿಷ್ಟು ನಿಜವಿದ್ದೀತು, ಅಂಗಡಿಗೆ ಹೋಗಿಬರುವವರಿಗೆ ಅದರಿಂದೇನು? ಆದರೂ ಕ್ರೈಸ್ಲರ್‌ನ ಆ ಪ್ಲಿಮತ್ ಕಾರು ಚೆಲುವೆಯೇ. ಅವಸರದಲ್ಲಿ ಕಟ್ಟಿದ್ದರಿಂದ ಬೇಗ ತುಕ್ಕು ಹಿಡಿಯುತ್ತಿತ್ತು ಎನ್ನುವುದು ಬೇರೆ ಮಾತು.

ನೀನು ಗಮನಿಸಬೇಕಾದ್ದು ಮುಂದಿನದು. 1956ರಲ್ಲಿ, ಆ ಕಾರುಗಳು ಇನ್ನೂ ಮಾರಾಟಕ್ಕೆ ಬರುವ ಮೊದಲೇ, ಜನರಲ್ ಮೋಟಾರ್ಸ್‌ನ ಯುವ ವಿನ್ಯಾಸಕ ಚಕ್ ಜೋರ್ಡನ್ ಬೇಲಿಯಾಚೆ ಸಾಲಾಗಿ ನಿಂತಿದ್ದ ಹೊಸ ಪ್ಲಿಮತ್‌ಗಳನ್ನು ಕಂಡ. ಓಡಿಬಂದು ಸಹೋದ್ಯೋಗಿಗಳಿಗೆ ಹೇಳಿದ, ಅವರೂ ಹೋಗಿ ಇಣುಕಿದರು. ಅರ್ಲ್ ಆಗ ಯುರೋಪಿನಲ್ಲಿದ್ದ. ಅವನು ಮರಳುವಷ್ಟರಲ್ಲಿ 1959ರ ಕಾರುಗಳಿಗೆಂದು ಮಾಡಿದ್ದ ಕೆಲಸ ಬದಿಗೆ ಸರಿದಿತ್ತು. ಹಾಗೆ ಹುಟ್ಟಿದ್ದು 1959ರ ಕ್ಯಾಡಿಲಾಕ್: ಆಕಾಶಕ್ಕೆದ್ದ ಫಿನ್, ಅದರ ನಡುವೆ ಬಂದೂಕಿನ ಗುಂಡಿನಾಕಾರದ ಜೋಡಿ ದೀಪ. ಜನ ಇಂದಿಗೂ ಅದನ್ನೇ ಪೋಸ್ಟರ್ ಮಾಡಿ ಗೋಡೆಗೆ ಹಚ್ಚುತ್ತಾರೆ, ನನಗೂ ನೋಡಲು ಖುಷಿಯೇ. ಆದರೆ ಬೇಲಿ ಇಣುಕಿ ಬರೆದ ಗೆರೆಗೆ ನಿಲ್ಲುವ ಜಾಗ ಗೊತ್ತಿರುವುದಿಲ್ಲ. ಪಕ್ಕದವನಿಗಿಂತ ಎತ್ತರ ಎನ್ನುವುದೊಂದೇ ಅಳತೆ.

ಇಳಿತ ಬೇಗ ಬಂತು. 1958ರ ಹಿಂಜರಿತದಲ್ಲಿ ಗ್ರಾಹಕರು ಕೈ ಬಿಗಿಹಿಡಿದರು. ಚಿಕ್ಕ ಫೋಕ್ಸ್‌ವ್ಯಾಗನ್ ಬೀಟಲ್ ಮಾರಾಟವಾಗತೊಡಗಿತು. ಅರ್ಲ್ ಅದೇ ವರ್ಷದ ಕೊನೆಗೆ ನಿವೃತ್ತನಾದ. ಅವನ ಜಾಗಕ್ಕೆ ಬಂದ ಬಿಲ್ ಮಿಚೆಲ್ ಕ್ಯಾಡಿಲಾಕ್‌ನ ಫಿನ್ನನ್ನು ವರ್ಷವರ್ಷವೂ ಇಳಿಸುತ್ತಾ ಬಂದ. 1961ರಲ್ಲಿ ಫಿನ್ನೇ ಇಲ್ಲದ, ಚಪ್ಪಟೆ ಬದಿಗಳ, ಫೋರ್ಡ್ ಕಂಪನಿಯ ಲಿಂಕನ್ ಕಾಂಟಿನೆಂಟಲ್ ಬಂದಾಗ ಉಳಿದವೆಲ್ಲ ಏಕಾಏಕಿ ಹಳತಾಗಿ ಕಂಡವು. 1965ರ ಹೊತ್ತಿಗೆ ಕ್ಯಾಡಿಲಾಕ್ ಕೂಡ ಅದನ್ನು ಬಿಟ್ಟಿತು.

ತಮಾಷೆಯೆಂದರೆ ಡೆಟ್ರಾಯ್ಟ್ ಮರೆತ ಮೇಲೂ ಅದು ನಮ್ಮಲ್ಲಿ ಉಳಿಯಿತು. ಪ್ರೀಮಿಯರ್ ಪದ್ಮಿನಿಯ ಹಿಂಬದಿಯ ಫೋಟೋ ಹುಡುಕಿ ನೋಡು. ಫಿಯಟ್ 1100ಡಿಯಿಂದ ಬಂದ ಪುಟ್ಟ ಮೊನೆಗಳು ಕಾಣುತ್ತವೆ. 1990ರ ದಶಕದಲ್ಲೂ ಅವು ಕಾರ್ಖಾನೆಯಿಂದ ಹೊರಬರುತ್ತಿದ್ದವು. ಹೊಸ ಅಚ್ಚಿಗೆ ಎಷ್ಟು ದುಡ್ಡು ಬೇಕೆಂದು ಟೂಲ್‌ರೂಮಿನಲ್ಲಿ ಬದುಕು ಸವೆಸಿದ ನನಗೆ ಗೊತ್ತು. ನೀನು ಇಂದು ಎಳೆದ ಗೆರೆಯನ್ನೂ ಯಾರೋ ಹಾಗೆ ವರ್ಷಾನುಗಟ್ಟಲೆ ಒತ್ತುತ್ತಿರಬಹುದು.

ಪಟ್ಟಿಯನ್ನು ಕಿತ್ತುಹಾಕು ಎನ್ನುತ್ತಿಲ್ಲ. ಅದು ಮಾಡುವ ಕೆಲಸ ಏನೆಂದು ಎರಡು ಸಾಲು ಬರೆ. ಹಿಂದಿನಿಂದ ಬರುವ ಲಾರಿಯವನಿಗೆ ಕಾರಿನ ಅಗಲ ಬೇಗ ತಿಳಿಯುತ್ತದೆ ಎಂದಾದರೂ ಸರಿ. ಬರೆಯಲು ಸಾಧ್ಯವಾಗದಿದ್ದರೆ ಪಟ್ಟಿಯಿಲ್ಲದ ಇನ್ನೊಂದು ಹಿಂಬದಿ ಎಳೆದು, ಎರಡನ್ನೂ ಒಟ್ಟಿಗೆ ಕಳಿಸು. ಪಕ್ಕನೋಟವೂ ಇರಲಿ, ಈ ಸಲ ಮರೆತಿದ್ದೀಯ.

ಇಂತಿ,
ನಿನ್ನ ದೊಡ್ಡಪ್ಪ