ಟೊಮೆಟೊ ಕಾಯಿಯೂ ಒಂದು ತರಕಾರಿ, ಎಸೆಯಬೇಡಿ

ಮಾನ್ಯ ಸಂಪಾದಕರೇ,

ಟೊಮೆಟೊ ಬೆಲೆ ಏರಿದರೆ ಪತ್ರಿಕೆಯಲ್ಲಿ ಮುಖಪುಟದ ಸುದ್ದಿ. ಬಿದ್ದರೆ ರಸ್ತೆಗೆ ಸುರಿದ ಹಣ್ಣಿನ ಫೋಟೊ. ಎರಡೂ ಬರಬೇಕು, ಬೇಡ ಅನ್ನುವುದಿಲ್ಲ. ಆದರೆ ಗಿಡದಲ್ಲೇ ಉಳಿದುಹೋಗುವ ಹಸಿರು ಕಾಯಿ ಇದೆಯಲ್ಲ, ಅದರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಇಲ್ಲದಿದ್ದರೆ ಕತ್ತರಿಸಿ, ಆದರೆ ವಿಷದ ಮಾತು ಮತ್ತು ಚಟ್ನಿಯ ಭಾಗ ಮಾತ್ರ ಉಳಿಸಿಕೊಳ್ಳಿ.

ನಮ್ಮ ಮನೆ ತುಮಕೂರಿನಲ್ಲಿ. ತಾರಸಿ ಮೇಲೆ ಎಂಟು ಕುಂಡದಲ್ಲಿ ಟೊಮೆಟೊ ಹಾಕಿದ್ದೆ. ಹದಿನೈದು ದಿನದ ಹಿಂದೆ ಸಂಜೆ ಬಿರುಗಾಳಿ ಮಳೆ ಬಂದು ನಾಲ್ಕು ಗಿಡ ಕಡ್ಡಿ ಸಮೇತ ಮಗುಚಿಬಿದ್ದವು. ಬುಡದಲ್ಲೇ ಮುರಿದಿದ್ದವು, ಮತ್ತೆ ನಿಲ್ಲಿಸುವ ಹಾಗಿರಲಿಲ್ಲ. ಕಾಯಿ ಎಲ್ಲ ಕಿತ್ತು ತೂಕ ಹಾಕಿದೆ, ಎರಡೂವರೆ ಕೆಜಿ. ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಬುಟ್ಟಿ ನೋಡಿ ಗಾಬರಿಯಾದಳು. 'ಆಂಟಿ, ಇದನ್ನ ತಿನ್ಬೇಡಿ, ವಿಷ ಅಂತೆ, ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು' ಅಂದಳು. ನನಗೆ ನಿಜವಾಗಿ ಬೇಜಾರಾಯಿತು. ಅವಳ ಮೇಲಲ್ಲ. ನಾನು ಹುಟ್ಟಿ ಬೆಳೆದ ಮನೆಯ ಅಡುಗೆಯೊಂದು ಒಂದೇ ತಲೆಮಾರಿನಲ್ಲಿ ವಿಷ ಅನ್ನಿಸಿಕೊಂಡಿತಲ್ಲ ಅಂತ.

ನನ್ನ ತವರು ಚಿಂತಾಮಣಿ ತಾಲ್ಲೂಕು. ನಮ್ಮ ಕಡೆ ಟೊಮೆಟೊ ಅಂತ ಯಾರೂ ಅನ್ನುವುದಿಲ್ಲ, ಟಮೋಟ. ಅರ್ಧ ಎಕರೆ ಇದ್ದವರೂ ನೀಲಗಿರಿ ಕಡ್ಡಿ ನೆಟ್ಟು, ದಾರ ಎಳೆದು ಟಮೋಟ ಕಟ್ಟುತ್ತಾರೆ. ಸಸಿ ನೆಟ್ಟ ಅರವತ್ತು ಎಪ್ಪತ್ತು ದಿನಕ್ಕೆ ಕೊಯ್ಲು ಶುರುವಾಗುತ್ತದೆ. ಕೂಲಿಗೆ ಬಂದ ಹೆಂಗಸರು ಸಂಜೆ ಹೊರಡುವಾಗ ಹಣ್ಣು ಕೇಳುತ್ತಿರಲಿಲ್ಲ, ಅದು ಬಾಕ್ಸಿಗೆ ಹೋಗುವ ಮಾಲು. ಕಾಯಿ ಕೇಳುತ್ತಿದ್ದರು. ಸೆರಗಿನಲ್ಲಿ ನಾಲ್ಕು ಹಿಡಿ ಕಾಯಿ ಕಟ್ಟಿಕೊಂಡು ಹೋಗುತ್ತಿದ್ದರು. ರಾತ್ರಿ ಮುದ್ದೆಗೆ ಅದೇ ಖಾರ. ನಮ್ಮಮ್ಮನೂ ಅದನ್ನೇ ಮಾಡುತ್ತಿದ್ದಳು. ಹುಣಸೆಹಣ್ಣು ಮುಗಿದ ದಿನ ಸಾರಿಗೆ ಎರಡು ಕಾಯಿ ಹೆಚ್ಚಿಹಾಕಿದರೆ ಆಯಿತು. ಅದನ್ನು ತಿಂದೇ ನಾವು ಐದು ಜನ ಮಕ್ಕಳು ಬೆಳೆದದ್ದು.

ಈಗ ವಿಷದ ವಿಷಯ. ಪೂರ್ತಿ ಸುಳ್ಳು ಅಂತ ತಳ್ಳಿಹಾಕುವುದಿಲ್ಲ, ಅರ್ಧ ನಿಜ ಇದೆ, ಆ ಅರ್ಧವನ್ನು ಸರಿಯಾಗಿ ಹೇಳಬೇಕು. ಟೊಮೆಟೊ ಗಿಡದಲ್ಲಿ ಟೊಮ್ಯಾಟಿನ್ ಅನ್ನುವ ಕಹಿ ಅಂಶ ಇರುತ್ತದೆ. ಎಲೆ, ಕಾಂಡದಲ್ಲಿ ಜಾಸ್ತಿ. ಕಾಯಿಯಲ್ಲಿ ಎಳೆಯದಿದ್ದಷ್ಟೂ ಜಾಸ್ತಿ, ಬಲಿತಂತೆ ಕಡಿಮೆಯಾಗುತ್ತಾ ಬಂದು ಹಣ್ಣಾದ ಮೇಲೆ ತೀರಾ ಸ್ವಲ್ಪ ಉಳಿಯುತ್ತದೆ. ಬಲಿತ ಕಾಯಿಯನ್ನು ಚಟ್ನಿ, ಗೊಜ್ಜಿನ ಲೆಕ್ಕದಲ್ಲಿ ತಿಂದರೆ ಆರೋಗ್ಯವಾಗಿರುವವರು ಹೆದರಬೇಕಾದ್ದೇನೂ ಇಲ್ಲ. ಗೋಲಿ ಗಾತ್ರದ ಎಳೆಕಾಯಿ ಕಹಿ ಇರುತ್ತದೆ, ಅದನ್ನು ಅಡುಗೆಗೆ ತೆಗೆದುಕೊಳ್ಳಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಎಲೆ, ತೊಟ್ಟು ಬೇಡವೇ ಬೇಡ. ಬೇಯಿಸಿದರೆ ಈ ಕಹಿ ಅಂಶ ಪೂರ್ತಿ ಹೋಗುತ್ತದೆ ಅಂದುಕೊಳ್ಳಬೇಡಿ, ಆರಿಸುವಾಗಲೇ ಜಾಗ್ರತೆ ಇರಬೇಕು. ಗ್ಯಾಸ್ಟ್ರಿಕ್, ಎದೆಯುರಿ ಇರುವವರು ಕಡಿಮೆ ತಿನ್ನಿ, ಹುಳಿ ಜಾಸ್ತಿ ಅಲ್ವಾ. ಜನ ಇದನ್ನು ಹಸಿರು ತಿರುಗಿದ ಆಲೂಗಡ್ಡೆಯ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ. ಅದರಲ್ಲಿರುವುದು ಸೊಲನಿನ್ ಅನ್ನುವ ವಿಷದ ಅಂಶ. ಅದೇ ಬೇರೆ, ಇದೇ ಬೇರೆ. ಹಸಿರಾದ ಆಲೂಗಡ್ಡೆಯನ್ನು ನಾನೂ ಎಸೆಯುತ್ತೇನೆ.

ಬಲಿತದ್ದೋ ಎಳೆಯದೋ ಅಂತ ತಿಳಿಯಲು ನಮ್ಮಮ್ಮ ಒಂದು ಕಾಯಿ ಅಡ್ಡ ಕೊಯ್ದು ತೋರಿಸುತ್ತಿದ್ದಳು. ಒಳಗೆ ಬೀಜದ ಸುತ್ತ ಲೋಳೆ ಕೂಡಿಕೊಂಡಿದ್ದು, ಚಾಕು ತಗುಲಿದಾಗ ಬೀಜ ಜಾರಿ ಪಕ್ಕಕ್ಕೆ ಸರಿದರೆ ಅದು ಬಲಿತ ಕಾಯಿ. ಲೋಳೆ ಇಲ್ಲದೆ, ಚಾಕುವಿಗೆ ಬೀಜವೂ ಕತ್ತರಿಸಿ ಬಂದರೆ ಎಳೆಯದು. ಹೊರಗಿನಿಂದ ನೋಡಿದರೆ ಬಲಿತದ್ದು ಸ್ವಲ್ಪ ತಿಳಿಹಸಿರಾಗಿ, ನುಣುಪಾಗಿ ಹೊಳೆಯುತ್ತದೆ. ಎಳೆಯದಕ್ಕೆ ಆ ಹೊಳಪು ಇರುವುದಿಲ್ಲ. ನನ್ನ ಎರಡೂವರೆ ಕೆಜಿಯಲ್ಲಿ ಎಳೆಯದನ್ನು ತೆಗೆದ ಮೇಲೆ ಎರಡು ಕೆಜಿ ಉಳಿಯಿತು.

ಮೊದಲು ಮಾಡಿದ್ದು ಚಟ್ನಿ. ಇದನ್ನು ನಾನು ಕಲಿತದ್ದು ತವರಿನಲ್ಲಲ್ಲ, ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ವಿಜಯಪುರ ಕಡೆಯವರಿಂದ. ನಾನು ಹುಣಸೆಹಣ್ಣು ನೆನೆಹಾಕುವುದನ್ನು ನೋಡಿ ಅವರು, 'ಅಕ್ಕಾರ, ಅದಕ್ಕ ಹುಣಸಿಹಣ್ಣ ಹಾಕಬ್ಯಾಡ್ರಿ, ಕಾಯಾಗ ಹುಳಿ ಐತಿ, ಒಂದೀಟ ಬೆಲ್ಲ ಹಾಕ್ರಿ' ಅಂದಿದ್ದರು. ಅವತ್ತಿನಿಂದ ಹಾಗೇ ಮಾಡುತ್ತೇನೆ. ಕಾಲು ಕೆಜಿ ಕಾಯಿ ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ನೀರು ಇದ್ದರೆ ಎಣ್ಣೆ ಸಿಡಿಯುತ್ತದೆ, ನಾಲ್ಕು ನಾಲ್ಕು ಹೋಳು ಮಾಡಿ. ಬಾಣಲೆಗೆ ಎರಡು ಚಮಚ ಶೇಂಗಾ ಎಣ್ಣೆ ಹಾಕಿ, ಜೀರಿಗೆ, ಐದಾರು ಹಸಿಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ ಬಾಡಿಸಿ ತೆಗೆದಿಡಿ. ಅದೇ ಎಣ್ಣೆಗೆ ಕಾಯಿಹೋಳು ಹಾಕಿ, ಕೊಯ್ದ ಬದಿ ಕೆಳಗಾಗಿ. ಅಲ್ಲಿಂದ ಕೈ ಹಾಕಬೇಡಿ, ಮುಚ್ಚಬೇಡಿ. ಮೊದಲು ಸಿಪ್ಪೆಯ ಗಿಳಿಹಸಿರು ಹೋಗಿ ಬೆಂದ ಸೊಪ್ಪಿನ ಮಾಸಲು ಬಣ್ಣ ಬರುತ್ತದೆ. ಆಮೇಲೆ ಅಂಚಿನಲ್ಲಿ ನೊರೆ ಏಳುತ್ತದೆ, ಮಾವಿನಕಾಯಿ ಬೇಯುವಾಗ ಬರುವಂಥ ಹುಳಿ ವಾಸನೆ ಮೂಗಿಗೆ ಹತ್ತುತ್ತದೆ. ತಳ ಅಲ್ಲಲ್ಲಿ ಕಂದಾದಾಗ ಒಮ್ಮೆ ಮಗುಚಿ, ಇನ್ನೆರಡು ನಿಮಿಷ ಬಿಟ್ಟು ಇಳಿಸಿ. ಕಬ್ಬಿಣದ ಬಾಣಲೆಯಾದರೆ ತಕ್ಷಣ ಬೇರೆ ಪಾತ್ರೆಗೆ ತೆಗೆಯಬೇಕು, ಹುಳಿ ಕಬ್ಬಿಣಕ್ಕೆ ಹಿಡಿದು ಚಟ್ನಿ ಕಪ್ಪಾಗುತ್ತದೆ. ಆರಿದ ಮೇಲೆ ಒಂದು ಹಿಡಿ ಹುರಿದ ಶೇಂಗಾ, ಕೊತ್ತಂಬರಿ ಸೊಪ್ಪು, ಉಪ್ಪು, ಚೂರು ಬೆಲ್ಲ ಸೇರಿಸಿ ಒರಳಿನಲ್ಲಿ ಕುಟ್ಟಿ. ಮಿಕ್ಸಿಯಾದರೆ ಎರಡು ಸುತ್ತು ಸಾಕು. ನುಣ್ಣಗಾದರೆ ಹಾಳು, ಹಲ್ಲಿಗೆ ಸಿಗಬೇಕು. ಅವರು ಕೊನೆಗೆ ಗುರೆಳ್ಳು ಪುಡಿ ಉದುರಿಸುತ್ತಿದ್ದರು. ಜೋಳದ ರೊಟ್ಟಿಗೆ ಅದು ಬೇಕೇ ಬೇಕು. ಮುದ್ದೆಗಾದರೆ ನಾನು ಗುರೆಳ್ಳು ಬಿಟ್ಟು ಇನ್ನೆರಡು ಮೆಣಸಿನಕಾಯಿ ಹಾಕುತ್ತೇನೆ.

ಕೆಳಗಿನ ಮನೆಯ ಹುಡುಗಿಗೆ ಟೊಮ್ಯಾಟಿನ್ ವಿಷಯ ಬಿಡಿಸಿ ಹೇಳಿ, ಒಂದು ಬಟ್ಟಲು ಕೊಟ್ಟೆ. ಮಾರನೇ ದಿನ ಖಾಲಿ ಬಟ್ಟಲು ಹಿಡಿದು ಬಂದು ಹೇಗೆ ಮಾಡುವುದು ಅಂತ ಬರೆದುಕೊಂಡು ಹೋದಳು.

ಬೇಳೆಗೂ ಕಾಯಿ ಚೆನ್ನಾಗಿ ಹೊಂದುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ. ಮದುವೆಯಾದ ಹೊಸದರಲ್ಲಿ ನಾನು ತೊಗರಿಬೇಳೆ, ಕಾಯಿ ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿದ್ದೆ. ಐದು ವಿಷಲ್ ಆದರೂ ಬೇಳೆ ಕಾಳುಕಾಳಾಗಿಯೇ ಉಳಿದಿತ್ತು. ಬೇಳೆ ಹಳೆಯದು ಅಂತ ಅಂಗಡಿಯವರನ್ನು ಬೈದುಕೊಂಡೆ. ಅತ್ತೆ ಬಂದು ಹೇಳಿದ ಮೇಲೆ ಗೊತ್ತಾಯಿತು, ಹುಳಿ ಸೇರಿದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಬೇಳೆ ಬೇರೆ ಬೇಯಿಸಿ, ಕಾಯಿಯನ್ನು ಒಗ್ಗರಣೆಯಲ್ಲಿ ಬಾಡಿಸಿ, ಆಮೇಲೆ ಕೂಡಿಸಿ ಒಂದು ಕುದಿ ಬರಿಸಿದರೆ ತೊವ್ವೆ ಹದವಾಗಿ ಬರುತ್ತದೆ. ಗೊಜ್ಜಿಗೆ ಹುರಿದ ಎಳ್ಳು, ಕೊಬ್ಬರಿ, ಒಣಮೆಣಸಿನಕಾಯಿ ರುಬ್ಬಿ ಹಾಕಿ, ಬೆಲ್ಲ ಸ್ವಲ್ಪ ಧಾರಾಳವಾಗಿರಲಿ. ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿಯನ್ನೂ ಕರಿಯಬಹುದು. ಹಣ್ಣಿನ ಬಿಲ್ಲೆ ಎಣ್ಣೆಯಲ್ಲಿ ನೀರು ಬಿಟ್ಟು ಹಿಟ್ಟು ಕಳಚುತ್ತದೆ, ಕಾಯಿ ಗಟ್ಟಿ ನಿಲ್ಲುತ್ತದೆ.

ಎಲ್ಲವನ್ನೂ ಅಡುಗೆಗೇ ಹಾಕಬೇಕಂತಿಲ್ಲ. ಬಲಿತ ಕಾಯಿ ಮನೆಯಲ್ಲೇ ಹಣ್ಣಾಗುತ್ತದೆ. ಕಾಗದದ ಚೀಲದಲ್ಲಿ ಒಂದು ಕಳಿತ ಬಾಳೆಹಣ್ಣಿನ ಜೊತೆ ಇಟ್ಟರೆ, ಬಾಳೆಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಬೇಗ ಬಣ್ಣ ತಿರುಗುತ್ತದೆ. ದಯವಿಟ್ಟು ಫ್ರಿಜ್ಜಿನಲ್ಲಿ ಇಡಬೇಡಿ. ಆ ತಂಪಿಗೆ ಕಾಯಿ ಕೆಟ್ಟುಹೋಗುತ್ತದೆ, ಆಮೇಲೆ ಹೊರಗೆ ತೆಗೆದಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ, ರುಚಿಯೂ ಇರುವುದಿಲ್ಲ. ತಾರಸಿ ತೋಟದವರಿಗೆ ಇನ್ನೊಂದು ಮಾತು. ಜೋರು ಮಳೆ ಬರುವ ಸೂಚನೆ ಇದ್ದರೆ ಬಣ್ಣ ತಿರುಗುತ್ತಿರುವ ದೋರಗಾಯಿಗಳನ್ನು ಮೊದಲೇ ಕಿತ್ತುಬಿಡಿ, ಒಮ್ಮೆಲೇ ನೀರು ಕುಡಿದರೆ ಹಣ್ಣು ಬಿರಿಯುತ್ತದೆ.

ಅಮೆರಿಕದ ಮಿಷಿಗನ್‌ನಲ್ಲಿರುವ ನನ್ನ ತಂಗಿಗೂ ವರ್ಷವರ್ಷವೂ ಇದೇ ಸಮಸ್ಯೆ. ಅಲ್ಲಿ ಅಕ್ಟೋಬರ್ ಹೊತ್ತಿಗೆ ಹಿಮ ಕಟ್ಟುವ ಚಳಿ ಶುರು, ಅಷ್ಟರೊಳಗೆ ಗಿಡದಲ್ಲಿದ್ದದ್ದನ್ನೆಲ್ಲ ಕಿತ್ತು ಒಳಗೆ ತರಬೇಕು. ಹಿತ್ತಲಿನ ಆರು ಗಿಡದಿಂದ ಬಕೆಟ್ಟುಗಟ್ಟಲೆ ಕಾಯಿ. ಮೊದಲ ವರ್ಷ ಅದನ್ನೇನು ಮಾಡುವುದು ಅಂತ ವಿಡಿಯೊ ಕಾಲ್ ಮಾಡಿದ್ದಳು. ಅಮ್ಮನ ಖಾರ ಮಾಡು ಅಂದೆ. ಈಗ ಅಲ್ಲಿನ ಕನ್ನಡದವರ ಮನೆಗಳಿಗೂ ಡಬ್ಬಿ ಹಂಚುತ್ತಾಳೆ.

ನಮ್ಮಲ್ಲಿ ಹಿಮದ ಕಾಟ ಇಲ್ಲ. ಕಾಯಿಯನ್ನು ಕೇಳುವವರೇ ಇಲ್ಲ, ಅದೇ ತೊಂದರೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಪೇಟೆಯಲ್ಲಿ ಜನ ಕಾಲು ಕೆಜಿ, ನೂರು ಗ್ರಾಂ ಅಂತ ಕೊಳ್ಳುತ್ತಿದ್ದರು. ಇನ್ನು ಕೆಲವು ಸಲ ಬೆಲೆ ಎಷ್ಟು ಬಿದ್ದಿರುತ್ತದೆ ಅಂದರೆ ಕೊಯ್ಲಿನ ಕೂಲಿ ಕೂಡ ಹುಟ್ಟುವುದಿಲ್ಲ. ಎರಡೂ ಕಾಲದಲ್ಲಿ ನಾನು ತವರಿನಲ್ಲಿ ಕಂಡದ್ದು ಒಂದೇ. ಬೆಳೆ ಮುಗಿಯಿತು ಅಂತ ದಾರ ಬಿಚ್ಚಿ, ಕಡ್ಡಿ ಕಿತ್ತು, ಗಿಡವನ್ನು ಬದುವಿಗೆ ಎಳೆದು ಹಾಕುತ್ತಾರೆ. ಆ ಗಿಡದ ತುದಿಯಲ್ಲಿ ಬಲಿತ ಕಾಯಿಯ ಗೊಂಚಲು ಹಾಗೇ ಇರುತ್ತದೆ. ಎರಡು ದಿನದಲ್ಲಿ ಗಿಡ ಬಾಡುತ್ತದೆ, ಕಾಯಿ ಬಿಸಿಲಿಗೆ ಬೆಂದು ಬೆಳ್ಳಗಾಗುತ್ತದೆ. ನಮ್ಮಣ್ಣನನ್ನು ಕೇಳಿದೆ, ಇದನ್ನೂ ಕೊಯ್ದು ಮಾರಬಾರದಾ ಅಂತ. 'ಯಾರಮ್ಮ ತಗೋತಾರೆ ಕಾಯಿನ' ಅಂದ.

ಯಾಕೆ ತಗೋಬಾರದು? ಹಾಗಲಕಾಯಿ, ಬದನೆಕಾಯಿ, ಮಾವಿನಕಾಯಿ ಎಲ್ಲವನ್ನೂ ಕಾಯಿ ಅಂತಲೇ ಕೊಂಡು ತಿನ್ನುವ ನಾವು ಇದೊಂದನ್ನು ಯಾಕೆ ದೂರ ಇಡಬೇಕು? ಈಗ ಕಾಯಿ ಬೇಕೆಂದರೆ ಅಂಗಡಿಯಲ್ಲಿ ಹಣ್ಣಿನ ರಾಶಿ ಕೆದಕಬೇಕು. ಮೊನ್ನೆ ನಮ್ಮ ಬೀದಿಯ ಅಂಗಡಿಯಲ್ಲಿ ಹಾಗೆ ಹುಡುಕುತ್ತಿದ್ದಾಗ ಅಂಗಡಿಯವರು ಹಿಂದೆ ಎತ್ತಿಟ್ಟಿದ್ದ ಬುಟ್ಟಿ ತೋರಿಸಿದರು, ಮೂರು ಕೆಜಿ ಕಾಯಿ, ಗಿರಾಕಿಗಳು ಬೇಡ ಅಂತ ಪಕ್ಕಕ್ಕೆ ಹಾಕಿದ್ದು. ಹಸುವಿಗೆ ಹಾಕಲು ಇಟ್ಟಿದ್ದರಂತೆ. ಅಷ್ಟನ್ನೂ ತಂದೆ. ದುಡ್ಡು ಬೇಡ ಅಂದರು, ನಾನು ಕೊಟ್ಟೇ ಬಂದೆ. ಅದು ಬಿಟ್ಟಿ ಮಾಲಲ್ಲ, ಯಾರೋ ನೀರು ಕಟ್ಟಿ ಬೆಳೆದದ್ದು.

ಹಾಪ್‌ಕಾಮ್ಸ್ ಮಳಿಗೆಗಳಲ್ಲಿ, ರೈತಸಂತೆಗಳಲ್ಲಿ ಟೊಮೆಟೊ ಕಾಯಿಗೆ ಅಂತ ಬೇರೆ ಬುಟ್ಟಿ ಇಡಲಿ, ಬೆಲೆಯ ಹಲಗೆಯಲ್ಲಿ ಅದರ ಹೆಸರೂ ಇರಲಿ. ಹಣ್ಣಿನ ಅರ್ಧ ಬೆಲೆಗೆ ಸಿಕ್ಕರೂ ಕೊಳ್ಳುವವರಿಗೆ ಹಗುರ, ಕೊನೇ ಕೊಯ್ಲಿನಲ್ಲಿ ರೈತರಿಗೂ ನಾಲ್ಕು ಕಾಸು. ಮನೆಯಲ್ಲಿ ಅಡುಗೆ ಮಾಡುವವರು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಕೇಳದೆ ಯಾರೂ ತಂದಿಡುವುದಿಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ನಿಮ್ಮ ಅಡುಗೆ ಅಂಕಣದಲ್ಲಿ ಒಂದು ವಾರ ಟೊಮೆಟೊ ಕಾಯಿಗೇ ಜಾಗ ಕೊಡಿ. ಬಾಣಸಿಗರದ್ದು ಬೇಡ, ಓದುಗರ ಮನೆಯ ಅಡುಗೆ ಕೇಳಿ. ಚಿಂತಾಮಣಿ ಕಡೆಯ ಖಾರ, ವಿಜಯಪುರದ ಚಟ್ನಿ ನನಗೆ ಗೊತ್ತು. ಮಲೆನಾಡಿನವರು, ಕರಾವಳಿಯವರು ಇದನ್ನು ಏನು ಮಾಡುತ್ತಾರೆ ಅಂತ ತಿಳಿಯಬೇಕು ಅಂತ ಬಹಳ ಆಸೆ. ತಾರಸಿಯಲ್ಲಿ ಉಳಿದ ನಾಲ್ಕು ಗಿಡದ ಕಾಯಿ ಇನ್ನೂ ಬಾಕಿ ಇದೆ, ಮಾಡಿ ನೋಡುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗಾರ್ತಿ,
ತುಮಕೂರು