ಬೂಡ್ರೋ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮ,

ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ಬೂಡ್ರೋ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ತಪ್ಪೇನೂ ಇಲ್ಲ, ಆದರೆ ಸಪ್ಪೆ. ಮೊದಲು ಆಟಗಾರ, ಆಮೇಲೆ ಮ್ಯಾನೇಜರ್, ಕೊನೆಗೆ ರೇಡಿಯೋ ಕಾಮೆಂಟೇಟರ್ ಅಂತ ಮೂರು ಭಾಗ ಮಾಡಿಟ್ಟಿದ್ದೀಯ. ಅವನ ಬದುಕು ಹಾಗೆ ಸಾಲಾಗಿ ನಡೆಯಲೇ ಇಲ್ಲವಲ್ಲ! 1941ರ ಕೊನೆಯಲ್ಲಿ ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ಅವನನ್ನು ಮ್ಯಾನೇಜರ್ ಮಾಡಿದಾಗ ಅವನಿಗೆ ಬರೀ 24 ವರ್ಷ. ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ಫೀಲ್ಡರ್ ಆಗಿ ಆಡುತ್ತಲೇ ತನಗಿಂತ ದೊಡ್ಡವರನ್ನೂ ಆಡಿಸಬೇಕಿತ್ತು. ಇದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆ.

ನಾನಾಗಿದ್ದರೆ 1948ರ ಅಕ್ಟೋಬರ್ 4ರಿಂದ ಶುರು ಮಾಡುತ್ತಿದ್ದೆ. ಲೀಗ್ ಮುಗಿದಾಗ ಕ್ಲೀವ್‌ಲ್ಯಾಂಡ್, ಬಾಸ್ಟನ್ ರೆಡ್ ಸಾಕ್ಸ್ ಎರಡೂ ಸಮಸಮ. ಒಂದೇ ಪಂದ್ಯದಲ್ಲಿ ತೀರ್ಮಾನ, ಅದೂ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ. ಅಲ್ಲಿ ಎಡಗಡೆಯ ಗೋಡೆ ತುಂಬಾ ಹತ್ತಿರ. ಬಲಗೈ ಬ್ಯಾಟರ್‌ಗಳಿಗೆ ಹಬ್ಬ, ಅವರಿಗೆ ಸುಲಭವಾಗಿ ಸಿಗುವ ಎಡಗೈ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಕಷ್ಟ. ಬೂಡ್ರೋ ಚೆಂಡು ಕೊಟ್ಟಿದ್ದು ಯಾರಿಗೆ? ಎಡಗೈಯ ಜೀನ್ ಬೇರ್ಡನ್‌ಗೆ. ಲೀಗ್‌ಗೆ ಹೊಸಬ. ಹಿಂದಿನ ಪಂದ್ಯ ಎಸೆದ ಮೇಲೆ ಅವನಿಗೆ ಸಿಕ್ಕಿದ್ದು ಒಂದೇ ದಿನದ ವಿಶ್ರಾಂತಿ.

ಇಲ್ಲಿ ನಿಲ್ಲು, ಅವಸರ ಬೇಡ. ಬೇರೆ ಮ್ಯಾನೇಜರ್ ಆಗಿದ್ದರೆ ಪಟ್ಟಿ ಬರೆದುಕೊಟ್ಟು ಡಗ್‌ಔಟ್‌ನಲ್ಲಿ ಉಗುರು ಕಚ್ಚುತ್ತಾ ಕೂರಬೇಕಿತ್ತು. ಇವನು ಬ್ಯಾಟ್ ಹಿಡಿದು ಹೊರಟ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್; ಮೊದಲನೆಯದರಲ್ಲೇ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಐದನೆಯದರಲ್ಲಿ ಇನ್ನೊಂದು. ಒಟ್ಟು ನಾಲ್ಕು ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು ನಾಲ್ಕು ಸಲ. ಬೇರ್ಡನ್ ಕೊನೆಯವರೆಗೂ ತಾನೇ ಎಸೆದ. 8-3ರಿಂದ ಗೆದ್ದರು, ಆಮೇಲೆ ವರ್ಷದ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್ ಕೂಡ. ತನ್ನ ತೀರ್ಮಾನಕ್ಕೆ ತಾನೇ ಜಾಮೀನು ನಿಂತ ಹಾಗೆ.

ಹಿಂದಿನ ವರ್ಷವಷ್ಟೇ ಮಾಲೀಕ ಬಿಲ್ ವೆಕ್ ಇವನನ್ನು ಬೇರೆ ತಂಡಕ್ಕೆ ದಾಟಿಸಲು ನೋಡಿದ್ದ. ಊರಿನ ಜನ ಗಲಾಟೆ ಮಾಡಿ ತಡೆದರು. ಅದನ್ನು ಈ ಪಂದ್ಯದ ನಡುವೆ ತಾ, ರುಚಿ ಬರುತ್ತದೆ.

ಆ ವರ್ಷದ ಬ್ಯಾಟಿಂಗ್ ಸರಾಸರಿ .355 ಅಂತ ಸುಮ್ನೆ ಹಾಕಿದ್ದೀಯ. ನಮ್ಮ ಓದುಗ ಕ್ರಿಕೆಟ್ ನೋಡಿ ಬೆಳೆದವನು. ಅವನ ಕಣ್ಣಿಗೆ ಇದು ಸೊನ್ನೆಗಿಂತ ಚೂರು ಜಾಸ್ತಿ, ಅಷ್ಟೆ. ಹತ್ತು ಸಲಕ್ಕೆ ಮೂರು ಹಿಟ್ ಹೊಡೆದರೇ ಅಲ್ಲಿ ಒಳ್ಳೆ ಬ್ಯಾಟರ್, ಇವನದು ಮೂರೂವರೆ ಅಂತ ಬರೆ.

ಇನ್ನು ರೇಡಿಯೋ. 1958ರಿಂದ ಶಿಕಾಗೋ ಕಬ್ಸ್ ಪಂದ್ಯಗಳಿಗೆ ಕಾಮೆಂಟರಿ ಹೇಳುತ್ತಿದ್ದ. 1960ರ ಮೇ ತಿಂಗಳಲ್ಲಿ, ತಂಡ ಸೋಲುತ್ತಿದೆ ಅಂತ, ಮ್ಯಾನೇಜರ್ ಚಾರ್ಲಿ ಗ್ರಿಮ್‌ನನ್ನು ಮೈಕ್ ಮುಂದೆ ಕೂರಿಸಿ ಬೂಡ್ರೋನನ್ನು ಮೈದಾನಕ್ಕೆ ಇಳಿಸಿದರು. ನಗು ಬರುತ್ತೆ ಅಲ್ವಾ? ನೀನೂ ತಮಾಷೆ ಅಂತಲೇ ಬರೆದು ಮುಂದೆ ಹೋಗಿದ್ದೀಯ. ಆದರೆ ಈಗ ಅವನಿಗೆ 42. ಆಡಿಸಬಹುದು, ಆಡುವಂತಿಲ್ಲ. ಅವನ ಕೈಕೆಳಗೆ ತಂಡ ಗೆದ್ದಿದ್ದು 54, ಸೋತಿದ್ದು 83. ಇದನ್ನು ಬಾಸ್ಟನ್ ಪಂದ್ಯದ ಪಕ್ಕದಲ್ಲಿಟ್ಟು ನೋಡು, ನಿನ್ನ ಲೇಖನ ಅಲ್ಲಿದೆ. ಆ ಸೀಸನ್ ಮುಗಿದ ಮೇಲೆ ಮತ್ತೆ ಮೈಕ್‌ಗೆ ಮರಳಿದ, 1987ರವರೆಗೂ ಅಲ್ಲೇ ಇದ್ದ.

ಬಾಸ್ಟನ್‌ನ ಎಡಗೈ ಬ್ಯಾಟರ್ ಟೆಡ್ ವಿಲಿಯಮ್ಸ್‌ನನ್ನು ಕಟ್ಟಿಹಾಕಲು ಬಹುತೇಕ ಫೀಲ್ಡರ್‌ಗಳನ್ನು ಮೈದಾನದ ಬಲಕ್ಕೆ ಸರಿಸಿದ ಕಥೆಗೆ ಎರಡು ಸಾಲು ಸಾಕು. ಬೇಸ್‌ಬಾಲ್ ಬಲ್ಲವರೆಲ್ಲ ಅದನ್ನೇ ಹೇಳುತ್ತಾರೆ. ಹಾಲ್ ಆಫ್ ಫೇಮ್ ಪ್ಯಾರಾ ಪೂರ್ತಿ ತೆಗೆ. ತಿದ್ದಿದ ಮೇಲೆ ಇನ್ನೊಮ್ಮೆ ಕಳಿಸು.

ನಿನ್ನ ಅಣ್ಣ